ಕಂಪಿಲಿಯಿಂದ ಬೇಲೆಕೇರಿಗೆ: ಒಂದು ಸೀಮೆಯ ಅಪರಾಧ ವರದಿಗಳು

1443ರ ಏಪ್ರಿಲ್ ಕೊನೆಯ ಹೊತ್ತಿಗೆ ವಿಜಯನಗರಕ್ಕೆ ಬಂದಿಳಿದ ಪರ್ಷಿಯಾದ ರಾಯಭಾರಿ ಅಬ್ದುಲ್ ರಝಾಕ್ ಏಳು ಸುತ್ತಿನ ಕೋಟೆಯನ್ನೂ ಬಜಾರಿನ ಗುಲಾಬಿಯನ್ನೂ ಬಣ್ಣಿಸಿದ್ದು ಹಂಪಿಯ ಗೈಡುಗಳಿಗೆಲ್ಲ ಬಾಯಿಪಾಠ. ಅದೇ ಬರಹದಲ್ಲಿ ಒಂದು ಕೊಲೆಯತ್ನದ ವರದಿಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅರಸ ಎರಡನೇ ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶದ ಊಟಕ್ಕೆ ಅರಸನನ್ನೂ ದೊಡ್ಡ ದೊಡ್ಡ ಅಧಿಕಾರಿಗಳನ್ನೂ ಕರೆದ. ಬಂದ ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ಒಳಕೋಣೆಗೆ ಕರೆದೊಯ್ದು ಮುಗಿಸಲಾಯಿತು. ಕೂಗು ಹೊರಗೆ ಕೇಳದಂತೆ ನಗಾರಿ, ಕಹಳೆ ಮೊಳಗುತ್ತಲೇ ಇದ್ದವು. ಬಳಿಕ ತಮ್ಮ ತಾನೇ ಅರಮನೆಗೆ ಹೋಗಿ ಅರಸನಿಗೆ ಕಠಾರಿಯಿಂದ ಇರಿದ. ಅರಸ ಸತ್ತನೆಂದು ಬಗೆದು ಹೊರಗೆ ಬಂದು ಸಾರಿದ. ಅರಸ ಬದುಕಿದ್ದ. ತಮ್ಮ ಬದುಕಲಿಲ್ಲ.

ಈ ವರದಿಯಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ ಬೇರೆ. ಘಟನೆ ನಡೆದಾಗ ರಝಾಕ್ ಊರಲ್ಲೇ ಇರಲಿಲ್ಲ, ಕಲ್ಲಿಕೋಟೆಯಲ್ಲಿದ್ದ. ಅವನು ಬರೆದದ್ದು ಕೇಳಿದ ಮಾತು. ಸುಮಾರು ತೊಂಬತ್ತು ವರ್ಷದ ಮೇಲೆ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇಂಥದೇ ಒಂದು ಕಥೆ ಬರೆದ. ಅವನಲ್ಲಿ ಕೊಲೆಗಾರ ತಮ್ಮನಲ್ಲ, ಒಡಹುಟ್ಟಿದವರ ಮಗ. ಕಠಾರಿಗೆ ವಿಷ ಸವರಿತ್ತು. ಅರಸ ಆರು ತಿಂಗಳಲ್ಲಿ ತೀರಿಕೊಂಡ. ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಮಾಡಿದ್ದ ಮದರಾಸು ಸಿವಿಲ್ ಸರ್ವಿಸ್ ಅಧಿಕಾರಿ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ತನ್ನ ವಿಜಯನಗರ ಚರಿತ್ರೆಯಲ್ಲಿ ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡಿದ. ಎರಡು ಹೇಳಿಕೆ, ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂದು ನೋಡುವ ಕೆಲಸ ಈ ಸೀಮೆಯಲ್ಲಿ ಹೀಗೆ ಶುರುವಾಯಿತು. ಇದನ್ನೇ ತನಿಖೆ ಎನ್ನಬಹುದಾದರೆ, ಹಂಪಿಯ ಮೊದಲ ತನಿಖಾಧಿಕಾರಿ ಸಿವೆಲ್ಲನೇ.

ಕಂಪ್ಲಿಯ ಕಡತ ಇದಕ್ಕೂ ಹಳೆಯದು. ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಕಂಪ್ಲಿಯ ಅರಸ ಕಂಪಿಲರಾಯ ಆಶ್ರಯ ಕೊಟ್ಟ. ದೆಹಲಿಯ ಸೈನ್ಯ ಬಂತು. 1327ರ ಹೊತ್ತಿಗೆ ರಾಜ್ಯ ಮುಗಿಯಿತು. ಇದನ್ನು ಬರೆದ ಪ್ರವಾಸಿ ಇಬ್ನ್ ಬತೂತ ಕಂಪ್ಲಿ ನೋಡಿದವನಲ್ಲ, ಆದರೆ ದೆಹಲಿಯ ಆಸ್ಥಾನದಲ್ಲಿ ಕಂಪಿಲರಾಯನ ಸೆರೆಸಿಕ್ಕ ಮಕ್ಕಳನ್ನು ಕಂಡು ಮಾತಾಡಿಸಿದ್ದ. ಸಾಕ್ಷಿಗಳ ಬಳಿಗೆ ಹೋದವ ಎಂಬ ಮಾತಿಗೆ ಅವನು ಅರ್ಹ. ಇತ್ತ ನಮ್ಮ ಜನ, ನಮ್ಮ ಕವಿಗಳು ಅದೇ ಮನೆತನದ ಕುಮಾರರಾಮನನ್ನು ಹಾಡಿದರು. ಆ ಕಥೆಯ ನಡುಮಧ್ಯದಲ್ಲಿರುವುದೂ ಒಂದು ಸುಳ್ಳು ದೂರು: ಮಲತಾಯಿ ರತ್ನಾಜಿ ಹೊರಿಸಿದ ಆರೋಪವನ್ನು ನಂಬಿ ತಂದೆ ಮರಣದಂಡನೆ ಕೊಡುತ್ತಾನೆ, ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಬ್ಬನ ತಲೆಯನ್ನು ತಂದು ತೋರಿಸುತ್ತಾನೆ. ತಲೆ ಯಾರದೆಂದು ಅರಸ ಪರೀಕ್ಷಿಸಲಿಲ್ಲ. ಇಂದಿಗೂ ಬಹುಪಾಲು ಟಿವಿ ಚರ್ಚೆಗಳು ನಡೆಯುವುದು ಆ ಅರಸನ ಕ್ರಮದಲ್ಲೇ: ಆರೋಪ ಕೇಳಿದ್ದು, ತೀರ್ಪು ಕೊಟ್ಟಿದ್ದು, ತಲೆ ನೋಡಿದ್ದು, ಎಲ್ಲ ಒಂದೇ ಸಂಜೆಗೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಅಪರಾಧ ಬರಹವನ್ನು ಒಟ್ಟಾಗಿ ನೋಡಿದರೆ ಹೀಗೆ ಎರಡು ದಾರಿ ಕಾಣುತ್ತವೆ. ಒಂದು ಹಾಡುವ ದಾರಿ, ಅದಕ್ಕೆ ನಾಯಕ ಬೇಕು, ಖಳ ಬೇಕು. ಇನ್ನೊಂದು ತಾಳೆ ನೋಡುವ ದಾರಿ. ನಮ್ಮ ಪತ್ರಿಕೋದ್ಯಮ ಮೊದಲನೆಯದರಲ್ಲಿ ಬಹಳ ದೂರ ಬಂದಿದೆ. ಎರಡನೆಯದನ್ನು ಇಲ್ಲಿ ಬೆಳೆಸಿದವರು ಹೆಚ್ಚಾಗಿ ಪತ್ರಕರ್ತರಲ್ಲ ಎಂಬುದು ಒಪ್ಪಲು ಸ್ವಲ್ಪ ಕಷ್ಟವಾದರೂ ನಿಜ.

ನಡುವಿನ ಶತಮಾನಗಳನ್ನು ದಾಟಿ 1973ಕ್ಕೆ ಬರೋಣ. ಸಂಡೂರಿನ ಗೇಣಿದಾರರು ಸಮಾಜವಾದಿಗಳ ಮುಂದಾಳ್ತನದಲ್ಲಿ ಭೂ ಹೋರಾಟಕ್ಕಿಳಿದಾಗ, ಹಳೆಯ ಸಂಸ್ಥಾನದ ರಾಜವಂಶದ ಎಂ.ವೈ. ಘೋರ್ಪಡೆ ದೇವರಾಜ ಅರಸು ಸರ್ಕಾರದ ಹಣಕಾಸು ಸಚಿವರು. ಭೂಸುಧಾರಣೆಯ ಸರ್ಕಾರ, ಅದರೊಳಗೇ ಹಳೆಯ ಒಡೆತನ: ರಾಜಕೀಯ ಅಂಕಣಕಾರನಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಆದರೂ ಆ ಹೋರಾಟದ ವಿವರಗಳು ಪುಸ್ತಕವಾಗಲು ದಶಕಗಳೇ ಹಿಡಿದವು. ಅರುಣ್ ಜೋಳದಕೂಡ್ಲಿಗಿ ಅವರು ‘ಸೊಂಡೂರು ಭೂ ಹೋರಾಟ’ ಬರೆಯುವ ತನಕ ಅದು ಹೆಚ್ಚಾಗಿ ಭಾಗವಹಿಸಿದವರ ನೆನಪಿನಲ್ಲೇ ಇತ್ತು.

ಅದೇ ಕಾಲದಲ್ಲಿ ಕನ್ನಡ ಓದುಗರ ಅಪರಾಧದ ಹಸಿವನ್ನು ತಣಿಸುತ್ತಿದ್ದದ್ದು ಕಾದಂಬರಿಗಳು. ಎನ್. ನರಸಿಂಹಯ್ಯ ಬರೆದ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಬಾಡಿಗೆ ಲೈಬ್ರರಿಗಳಿಂದ ತಂದು ಓದದ ಹೊಸಪೇಟೆಯ ಓಣಿ ಇರಲಿಕ್ಕಿಲ್ಲ. ಅಲ್ಲಿ ತಪ್ಪಿತಸ್ಥ ಒಬ್ಬನೇ, ಕೊನೆಯ ಪುಟದಲ್ಲಿ ಸಿಕ್ಕಿಬೀಳುತ್ತಾನೆ. 1980ರಲ್ಲಿ ಪಿ. ಲಂಕೇಶ್ ತಮ್ಮ ಪತ್ರಿಕೆ ತಂದಾಗ ರಾಜಕೀಯವನ್ನೂ ಅಪರಾಧವನ್ನೂ ಒಂದೇ ಪುಟದಲ್ಲಿ, ಒಂದೇ ವ್ಯಂಗ್ಯದಲ್ಲಿ ಬರೆಯುವುದು ಸಾಧ್ಯವಾಯಿತು. ಬಳ್ಳಾರಿಯಲ್ಲಿ ಹುಟ್ಟಿದ ರವಿ ಬೆಳಗೆರೆ 1995ರಲ್ಲಿ ‘ಹಾಯ್ ಬೆಂಗಳೂರ್’ ತಂದರು. ಭೂಗತ ಲೋಕದ ಬಗೆಗಿನ ‘ಪಾಪಿಗಳ ಲೋಕದಲ್ಲಿ’, ಬಳಿಕ ಈಟಿವಿಯ ‘ಕ್ರೈಂ ಡೈರಿ’, ಆ ದನಿ, ಆ ಎಳೆದು ಹೇಳುವ ರೀತಿ, ಇವೆಲ್ಲ ಸೇರಿ ಅಪರಾಧ ವರದಿಗೆ ಒಂದು ತಲೆಮಾರಿನ ಓದುಗರನ್ನು ಸೃಷ್ಟಿಸಿದವು. ಬೆಳಗೆರೆಯ ಗದ್ಯ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವವರು ಆ ಗದ್ಯವನ್ನು ಓದಿಲ್ಲ. ಆದರೆ ಅದರ ಕೇಂದ್ರದಲ್ಲಿ ಸದಾ ವ್ಯಕ್ತಿ: ರೌಡಿ, ಹೆಣ್ಣು, ಪೊಲೀಸ್, ಬರೆಯುವಾತ. ಈ ಮಾದರಿಯನ್ನೇ ನೆಚ್ಚಿಕೊಂಡ ಕನ್ನಡ ಪತ್ರಿಕೋದ್ಯಮದ ಮುಂದೆ ಮುಂದಿನ ದಶಕ ಒಂದು ಬೇರೆಯೇ ಜಾತಿಯ ಅಪರಾಧವನ್ನು ತಂದು ನಿಲ್ಲಿಸಿತು. ಅದರಲ್ಲಿ ಹೆಣ ಇರಲಿಲ್ಲ, ಗುಡ್ಡ ಇತ್ತು.

1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾದಾಗ ದೇಶದ ಕ್ಯಾಮೆರಾಗಳೆಲ್ಲ ಬಳ್ಳಾರಿಗೆ ಬಂದಿದ್ದವು. ಚುನಾವಣೆ ಮುಗಿದೊಡನೆ ಹೋದವು. ಕ್ಯಾಮೆರಾ ಹೋದ ಮೇಲೆಯೇ ನಿಜವಾದ ಕಥೆ ಶುರುವಾದದ್ದು. 2008ರ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಚೀನಾಕ್ಕೆ ಉಕ್ಕು ಬೇಕಾಯಿತು, ಅದಿರಿನ ಬೆಲೆ ಏರಿತು. ಟನ್ನಿಗೆ ಆರೇಳು ಸಾವಿರ ರೂಪಾಯಿಗೆ ಮಾರುವ ಅದಿರಿಗೆ ಸರ್ಕಾರಕ್ಕೆ ಸಿಗುತ್ತಿದ್ದ ರಾಯಧನ ಇಪ್ಪತ್ತೇಳು ರೂಪಾಯಿ ಮಟ್ಟದ್ದು. ಸಂಡೂರಿನ ಗುಡ್ಡಗಳಿಂದ ಹೊಸಪೇಟೆಯ ಮೇಲೆ ಕರಾವಳಿಯತ್ತ ಲಾರಿಗಳ ಸಾಲು ಹಗಲಿರುಳೂ ನಿಲ್ಲಲಿಲ್ಲ. ರಸ್ತೆ ಬದಿಯ ಬೇವಿನ ಮರ, ಜೋಳದ ಹೊಲ, ಶಾಲೆಯ ಗೋಡೆ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದವು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂದು ಗಾಂಧೀಜಿಯ ಹೆಸರಿನಲ್ಲಿ ಹೇಳುತ್ತಿದ್ದ ಮಾತನ್ನು ಸಂಡೂರಿನವರೇ ಆಡಿಕೊಂಡು ನಗುವ ಕಾಲ ಬಂತು.

ಪತ್ರಿಕೆಗಳು ಸುಮ್ಮನಿರಲಿಲ್ಲ. ‘ಗಣಿಧಣಿ’ ಎಂಬ ಪದ, ‘ರಿಪಬ್ಲಿಕ್ ಆಫ್ ಬಳ್ಳಾರಿ’ ಎಂಬ ತಲೆಬರಹ, ಹೆಲಿಕಾಪ್ಟರ್, ಬಂಗಾರದ ಕುರ್ಚಿ, ಇವು ಪುಟ ತುಂಬಿದವು. ತಾಲ್ಲೂಕು ಮಟ್ಟದ ವರದಿಗಾರನ ಸ್ಥಿತಿ ಬೇರೆ. ಅವನಿಗೆ ಸಂಬಳಕ್ಕಿಂತ ಜಾಹೀರಾತಿನ ಕಮಿಷನ್ ಆಧಾರ, ಹಬ್ಬದ ಪುರವಣಿಗೆ ಜಾಹೀರಾತು ಕೊಡುವವರೂ ಗಣಿಯವರೇ. ಆಮೇಲೆ ಗಣಿ ಮಾಲೀಕ ರೆಡ್ಡಿ ಸೋದರರ ಪಾಳೆಯದ್ದೆಂದೇ ಗುರುತಾದ ‘ಜನಶ್ರೀ’ ವಾಹಿನಿಯೂ ಬಂತು. ಗಣಿ ವಿಷಯಕ್ಕೆ ವಿಧಾನಸಭೆಯಲ್ಲಿ ನಡೆದ ಜಟಾಪಟಿಯ ಬಳಿಕ ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ 2010ರ ಜುಲೈ 25ರಂದು ಬೆಂಗಳೂರಿನಿಂದ ಹೊರಟು ಸುಮಾರು 320 ಕಿಲೋಮೀಟರ್ ನಡೆದು ಬಳ್ಳಾರಿ ಮುಟ್ಟಿದ್ದನ್ನು ಎಲ್ಲರೂ ವರದಿ ಮಾಡಿದರು, ಮಾಡಲೇಬೇಕಿತ್ತು. ಆದರೆ ಪಾದಯಾತ್ರೆಯಿಂದ ಯಾರು ಗೆದ್ದರು ಎಂಬ ವಿಶ್ಲೇಷಣೆಗೆ ಸಿಕ್ಕ ಜಾಗ, ಕದ್ದ ಅದಿರನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಸಿಗಲಿಲ್ಲ.

ಅಳೆದವರು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಮತ್ತು ಅವರ ತನಿಖಾ ತಂಡದ ಮುಖ್ಯಸ್ಥ, ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್. ಅವರ ವರದಿಯ ಮೊದಲ ಭಾಗ 2008ರ ಡಿಸೆಂಬರ್‌ನಲ್ಲಿ ಸಲ್ಲಿಕೆಯಾಯಿತು, ಎರಡನೆಯದು 2011ರ ಜುಲೈ 27ರಂದು, ಅನುಬಂಧ ಸೇರಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಪುಟ. ಅವರ ವಿಧಾನ ನೋಡಲು ಸರಳ, ಮಾಡಲು ಮಹಾ ಬೇಸರದ್ದು. ಬಂದರುಗಳಲ್ಲಿ ಹಡಗೇರಿದ ಅದಿರು ಎಷ್ಟು ಎಂಬುದಕ್ಕೆ ಒಂದು ದಾಖಲೆ ಇದೆ. ಗಣಿ ಮತ್ತು ಅರಣ್ಯ ಇಲಾಖೆಗಳು ಸಾಗಣೆಗೆ ಪರ್ಮಿಟ್ ಕೊಟ್ಟ ಅದಿರು ಎಷ್ಟು ಎಂಬುದಕ್ಕೆ ಇನ್ನೊಂದು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಪರ್ಮಿಟ್ಟೇ ಇಲ್ಲದೆ ದೇಶ ಬಿಟ್ಟ ಅದಿರು. 2006ರಿಂದ 2010ರವರೆಗೆ ಆ ಮೊತ್ತ ಸುಮಾರು 2.98 ಕೋಟಿ ಟನ್. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ವರದಿ ಹೇಳಿತು. ಮಿತಿಮೀರಿ ತುಂಬಿದ ಲಾರಿಗಳ ಲೆಕ್ಕ, ಹಿಡಿಯದಂತೆ ದಾಟಿಸಲು ಕೊಡುತ್ತಿದ್ದ ‘ರಿಸ್ಕ್’ ಹಣದ ಲೆಕ್ಕ, ಯಾವ ಅಧಿಕಾರಿಗೆ ಎಷ್ಟು ಸಂದಿತು ಎಂಬ ಪಟ್ಟಿ, ಎಲ್ಲವೂ ಅದರಲ್ಲಿದ್ದವು. ಕನ್ನಡ ನಾಡಿನಲ್ಲಿ ಬರೆಯಲಾದ ಅತಿ ದೊಡ್ಡ ಅಪರಾಧ ವರದಿ ಇದು ಎಂದರೆ ಅತಿಶಯೋಕ್ತಿಯಲ್ಲ. ಓದಿದವರು ಮಾತ್ರ ಕಡಿಮೆ. ನಾಲ್ಕು ದಿನಕ್ಕೆ, ಜುಲೈ 31ರಂದು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅಲ್ಲಿಂದ ಮುಂದೆ ಸುದ್ದಿಯೆಲ್ಲ ಮುಂದಿನ ಮುಖ್ಯಮಂತ್ರಿ ಯಾರು ಎಂಬತ್ತ ತಿರುಗಿತು. ಗಣಿ ಕಂಪನಿಯೊಂದರಿಂದ ಯಡಿಯೂರಪ್ಪ ಕುಟುಂಬದ ಪ್ರೇರಣಾ ಟ್ರಸ್ಟ್‌ಗೆ ಬಂದ ದೇಣಿಗೆಯ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರ ಅಕ್ಟೋಬರಿನಲ್ಲಿ ಅವರನ್ನು ಖುಲಾಸೆ ಮಾಡಿತು. ರಾಜೀನಾಮೆಗೆ ಸಿಕ್ಕಷ್ಟು ಜಾಗ ಈ ತೀರ್ಪಿನ ಕಾರಣಗಳಿಗೆ ಎಲ್ಲೂ ಸಿಗಲಿಲ್ಲ.

ಇನ್ನೊಂದು ಕೊನೆಯಿಂದ ಎಳೆ ಹಿಡಿದವರು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ. 2009ರಲ್ಲಿ ಅವರು ಸುಪ್ರೀಂ ಕೋರ್ಟ್‌ಗೆ ಹಾಕಿದ ಅರ್ಜಿಯಿಂದ ಕೇಂದ್ರ ಉನ್ನತಾಧಿಕಾರ ಸಮಿತಿ ಸಂಡೂರಿನ ಗುಡ್ಡಕ್ಕೆ ಬಂತು. ಪ್ರತಿ ಗಣಿಯ ಗಡಿಯನ್ನೂ ಅಳೆಸಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯೇ ನಿಂತಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳು ಎ, ಬಿ, ಸಿ ಎಂದು ವಿಂಗಡಣೆಯಾಗಿ, ಅತಿ ಹೆಚ್ಚು ಒತ್ತುವರಿ ಮಾಡಿದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ರಾಜ್ಯದ ಮೂರು ಜಿಲ್ಲೆಗಳಿಗೆ ವರ್ಷಕ್ಕೆ ಮೂರು ಕೋಟಿ ಟನ್ನಿನ ಮಿತಿ ಬಿತ್ತು. ಲಾರಿ ಕೊಂಡು ಸಾಲದಲ್ಲಿ ಮುಳುಗಿದ ಹೊಸಪೇಟೆಯ ಮಾಲೀಕರು, ಕೆಲಸ ಕಳೆದುಕೊಂಡ ಕೂಲಿಗಳು, ಮುಚ್ಚಿದ ಹೋಟೆಲುಗಳು, ಇವರ ಕಥೆಯನ್ನು ಸ್ಥಳೀಯ ವರದಿಗಾರರು ಚೆನ್ನಾಗಿಯೇ ಬರೆದರು. ಆ ಶ್ರೇಯ ಅವರಿಗೆ ಸಲ್ಲಬೇಕು.

ಬೇಲೆಕೇರಿಯ ಕಥೆಯಲ್ಲಿ ಮಾತ್ರ ಪತ್ತೇದಾರಿ ಕಾದಂಬರಿಯ ರುಚಿ ಇದೆ. 2010ರಲ್ಲಿ ಉತ್ತರ ಕನ್ನಡದ ಆ ಪುಟ್ಟ ಬಂದರಿನಲ್ಲಿ ಅರಣ್ಯಾಧಿಕಾರಿ ಆರ್. ಗೋಕುಲ್ ಸುಮಾರು ಎಂಟು ಲಕ್ಷ ಟನ್ ಅದಿರು ಜಪ್ತಿ ಮಾಡಿದರು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಮಾಯ. ಜಪ್ತಿ ಮಾಡಿದ ಮಾಲೇ ಹಡಗೇರಿತ್ತು! ಗೋಕುಲ್ ಅವರನ್ನು ಅಮಾನತು ಮಾಡಲು ಹೊರಟಾಗ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಬಳಿಕ ಎಲ್.ಕೆ. ಆಡ್ವಾಣಿ ಕೇಳಿಕೊಂಡ ಮೇಲೆ ಹಿಂತೆಗೆದುಕೊಂಡರು. ಈ ಪ್ರಕರಣದಲ್ಲಿ 2013ರಲ್ಲಿ ಸಿಬಿಐ ಬಂಧಿಸಿದವರಲ್ಲಿ ಹೊಸಪೇಟೆಯ ಶಾಸಕ ಆನಂದ್ ಸಿಂಗ್, ಕಂಪ್ಲಿಯನ್ನು ಪ್ರತಿನಿಧಿಸಿದ್ದ ಟಿ.ಎಚ್. ಸುರೇಶ್ ಬಾಬು ಇದ್ದರು. 2024ರ ಅಕ್ಟೋಬರಿನಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಏಳು ವರ್ಷದವರೆಗಿನ ಶಿಕ್ಷೆ ವಿಧಿಸಿತು. ಮರು ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಆಂಧ್ರ ಗಡಿಯಾಚೆಯ ಓಬಳಾಪುರಂ ಗಣಿ ಕಂಪನಿಯ ಪ್ರಕರಣವೂ ಹೀಗೇ ಕುಂಟಿತು. ಗಡಿ ಕಲ್ಲುಗಳು ಜರುಗಿವೆ, ಗಡಿಯ ಗುರುತಾಗಿದ್ದ ಸುಗ್ಗಲಮ್ಮ ದೇವಿ ಗುಡಿಯನ್ನೇ 2006ರಲ್ಲಿ ಸಿಡಿಸಿ ಉರುಳಿಸಲಾಗಿದೆ ಎಂದು ಗಣಿ ಮಾಲೀಕ ಟಪಾಲ್ ಗಣೇಶ್ ವರ್ಷಗಟ್ಟಲೆ ದೂರಿದರು. 2009ರಲ್ಲಿ ಸಿಬಿಐ ಎಫ್‌ಐಆರ್, 2011ರ ಸೆಪ್ಟೆಂಬರ್ 5ರಂದು ಜಿ. ಜನಾರ್ದನ ರೆಡ್ಡಿ ಬಂಧನ, 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯದಿಂದ ಏಳು ವರ್ಷದ ಶಿಕ್ಷೆ, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್‌ನಿಂದ ಆ ಶಿಕ್ಷೆಗೆ ತಡೆ. ತೀರ್ಪಿನ ಮರುದಿನ ನಮ್ಮ ವಾಹಿನಿಗಳು ಕೇಳಿದ್ದು ಒಂದೇ ಪ್ರಶ್ನೆ: ರೆಡ್ಡಿ ಶಾಸಕರಾಗಿದ್ದ ಗಂಗಾವತಿಗೆ ಉಪಚುನಾವಣೆ ಯಾವಾಗ? ಗಡಿ ಎಲ್ಲಿತ್ತು, ಅದನ್ನು ನ್ಯಾಯಾಲಯ ಹೇಗೆ ತೀರ್ಮಾನಿಸಿತು ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಪರಂಜಯ್ ಗುಹಾ ಠಾಕುರ್ತಾ ಅವರ ‘ಬ್ಲಡ್ ಅಂಡ್ ಐರನ್’ ಸಾಕ್ಷ್ಯಚಿತ್ರ ಈ ಇಡೀ ವ್ಯವಹಾರವನ್ನು ಅಪರಾಧ, ವ್ಯಾಪಾರ, ರಾಜಕೀಯ ಕೂಡುವ ಜಾಗವಾಗಿ ತೋರಿಸಿತು. ಅದು ಬಂದದ್ದು ದೆಹಲಿಯಿಂದ, ಇಂಗ್ಲಿಷಿನಲ್ಲಿ. ಇಷ್ಟು ದೊಡ್ಡ ವಿಷಯದ ಮೇಲೆ, ಲೋಕಾಯುಕ್ತ ವರದಿಯ ಮಟ್ಟದ ಶ್ರಮವಿರುವ ಒಂದು ಕನ್ನಡ ಪತ್ರಕರ್ತನ ಪುಸ್ತಕ ನಮ್ಮ ಮನೆಮಾತಾಗಲಿಲ್ಲ ಎಂಬುದು ನನ್ನ ಬಹಳ ದಿನದ ಕೊರಗು.

ಹೊಸಪೇಟೆ ತಾಲ್ಲೂಕಿನಲ್ಲೇ ಇರುವ ಕನ್ನಡ ವಿಶ್ವವಿದ್ಯಾಲಯ ಈ ಕಥೆಗೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. 1998ರಿಂದ 2001ರವರೆಗೆ ಅದರ ಕುಲಪತಿಯಾಗಿದ್ದ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಕಾರಣ ಕುಟುಂಬದ್ದೆ, ಜಾತಿಯದೆ, ಸಿದ್ಧಾಂತದ್ದೆ ಎಂದು ಎರಡು ವರ್ಷ ಎಲ್ಲ ಬಗೆಯ ಅಭಿಪ್ರಾಯಗಳೂ ಅಚ್ಚಾದವು. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾಯಿತು. ಆಗ ಬಿ.ಕೆ. ಸಿಂಗ್ ನೇತೃತ್ವದ ಎಸ್‌ಐಟಿ ಮತ್ತು ವಿಧಿವಿಜ್ಞಾನ ಪ್ರಯೋಗಾಲಯ ಮಾಡಿದ್ದು ಸಿವೆಲ್ ಮಾಡಿದ ಕೆಲಸವನ್ನೇ. 7.65 ಎಂ.ಎಂ. ಗುಂಡುಗಳ ಮೇಲಿನ ಗೀರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಕೊಲೆಗೆ ಬಳಸಿದ್ದು ಒಂದೇ ನಾಡಪಿಸ್ತೂಲು ಎಂದಾಯಿತು. ಸುಪ್ರೀಂ ಕೋರ್ಟ್ 2019ರಲ್ಲಿ ಕಲಬುರ್ಗಿ ಪ್ರಕರಣವನ್ನೂ ಅದೇ ತಂಡಕ್ಕೆ ಒಪ್ಪಿಸಿತು. ಶಾಸನ ಪಾಠಗಳನ್ನು ತಾಳೆ ನೋಡುವುದರಲ್ಲೇ ಬದುಕು ಸವೆಸಿದ ವಿದ್ವಾಂಸನ ಕೊಲೆಯ ಸುಳಿವು ಸಿಕ್ಕಿದ್ದೂ ಅಂಥದೇ ತಾಳೆಯಿಂದ.

ಹಂಪಿಯ ಅಪರಾಧಗಳು ಹೆಚ್ಚಾಗಿ ನಿಧಿಗಳ್ಳರದು. ದೇವರ ಪೀಠ ಕಿತ್ತದ್ದು, ಹಾಳು ಗುಡಿಯ ನೆಲ ಅಗೆದದ್ದು ಒಳಪುಟದ ಎರಡು ಸಾಲಿಗೆ ಮುಗಿಯುತ್ತಿದ್ದ ಸುದ್ದಿ. 2019ರಲ್ಲಿ ಎರಡು ಘಟನೆ ಈ ರೂಢಿ ಮುರಿದವು. ಫೆಬ್ರವರಿಯಲ್ಲಿ ಯುವಕರು ಕಲ್ಲುಕಂಬ ತಳ್ಳಿ ಬೀಳಿಸುವ ವಿಡಿಯೋ ಮೊಬೈಲುಗಳಲ್ಲಿ ಹರಿದಾಡಿತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬವನ್ನು ಅವರಿಂದಲೇ ನಿಲ್ಲಿಸಿತು. ತಪ್ಪು, ಸಾಕ್ಷಿ, ಶಿಕ್ಷೆ ಮೂರೂ ಕ್ಯಾಮೆರಾದಲ್ಲಿ ಸಿಕ್ಕ ಅಪರೂಪದ ಪ್ರಕರಣ. ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ಒಡೆದರು. ಆಂಧ್ರದ ತಂಡವೊಂದು ಕೆಲವೇ ದಿನಗಳಲ್ಲಿ ಸೆರೆಯಾಯಿತು. 2025ರ ಮಾರ್ಚ್‌ನಲ್ಲಿ ಹೊಳೆಯಾಚೆಯ ಸಣಾಪುರದಲ್ಲಿ ಪ್ರವಾಸಿಗರ ಮೇಲೆ ನಡೆದ ಅತ್ಯಾಚಾರ, ಕೊಲೆಯ ಸುದ್ದಿ ಜಗತ್ತಿನ ಪತ್ರಿಕೆಗಳಿಗೆಲ್ಲ ಹೋಯಿತು. ಚರ್ಚೆ ಒಂದೇ ವಾರದಲ್ಲಿ ಹೋಂಸ್ಟೇಗಳು ಬೇಕೆ ಬೇಡವೆ ಎಂಬುದಕ್ಕೆ ಬಂದು ನಿಂತಿತು. ಆ ಜಾಗದ ರಾತ್ರಿ ಗಸ್ತು, ಬೆಳಕು, ಠಾಣೆಯ ಸಿಬ್ಬಂದಿ ಬಲ, ಇವುಗಳ ಬಗ್ಗೆ ಸ್ಥಳೀಯ ವರದಿಗಾರರು ಬರೆದದ್ದು ಬೆಂಗಳೂರು ಆವೃತ್ತಿ ತಲುಪಲಿಲ್ಲ.

ರಾಜಕೀಯ ಅಭಿಪ್ರಾಯ ಬರಹಕ್ಕೆ ಈ ನಾಲ್ಕು ಊರು ಕೊಟ್ಟಷ್ಟು ಸಾಮಗ್ರಿಯನ್ನು ರಾಜ್ಯದ ಬೇರೆ ಭಾಗ ಕೊಟ್ಟಿದೆಯೋ ಇಲ್ಲವೋ. 2019ರ ಜನವರಿಯಲ್ಲಿ ಬಿಡದಿಯ ರೆಸಾರ್ಟಿನಲ್ಲಿ ಕಂಪ್ಲಿ ಶಾಸಕ ಜೆ.ಎನ್. ಗಣೇಶ್ ಮತ್ತು ಹೊಸಪೇಟೆಯ ಆನಂದ್ ಸಿಂಗ್ ನಡುವೆ ಹೊಡೆದಾಟವಾಗಿ ಸಿಂಗ್ ಆಸ್ಪತ್ರೆ ಸೇರಿದರು. ಇಬ್ಬರೂ ಆಗ ಕಾಂಗ್ರೆಸ್ಸಿನವರೇ. ಪಕ್ಷದ ನಾಯಕರ ಮೊದಲ ವಿವರಣೆ: ಎದೆನೋವು. ಕಣ್ಣಿನ ಸುತ್ತ ಕಪ್ಪಾಗಿದ್ದ ಚಿತ್ರ ಬಂದ ಮೇಲೆ ಕೊಲೆಯತ್ನದ ಮೊಕದ್ದಮೆ ದಾಖಲಾಯಿತು, ಗಣೇಶ್ ಗುಜರಾತಿನಲ್ಲಿ ಸೆರೆಯಾದರು. ಸಿಂಗ್ ಬಿಜೆಪಿ ಸೇರಿ 2020ರಲ್ಲಿ ಅರಣ್ಯ ಸಚಿವರಾದರು. ಅರಣ್ಯ ಕಾಯ್ದೆಯ ಪ್ರಕರಣಗಳಿದ್ದವರಿಗೆ ಅದೇ ಖಾತೆಯೇ ಎಂದು ಅಂಕಣಗಳು ಕೇಳಿದವು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ಅದರ ಕೀರ್ತಿಯೂ ಅವರಿಗೇ ಹೋಯಿತು. 2023ರಲ್ಲಿ ಕಂಪ್ಲಿಯ ಮತದಾರರು ಗಣೇಶ್ ಅವರನ್ನು ಮತ್ತೆ ಆರಿಸಿದರು. ಇದನ್ನೆಲ್ಲ ಜಾತಿ ಲೆಕ್ಕ, ಹಣದ ಲೆಕ್ಕದಲ್ಲಿ ಮುಗಿಸುವ ಅಂಕಣಗಳು ನನಗೆ ಸೋಮಾರಿಯಾಗಿ ಕಾಣುತ್ತವೆ. ತುಂಗಭದ್ರಾ ಕಾಲುವೆಯ ಕೊನೆಭಾಗಕ್ಕೆ ನೀರು ಬರುತ್ತದೆಯೇ, ಕಬ್ಬು ಎಲ್ಲಿಗೆ ಸಾಗಿಸಬೇಕು ಎಂಬುದರ ಮೇಲೆ ಮತ ಹಾಕುವ ಕಂಪ್ಲಿಯ ರೈತನನ್ನು ಯಾರೂ ಮಾತಾಡಿಸುವುದಿಲ್ಲ.

2024ರ ಆಗಸ್ಟ್ ಕೊನೆಯಲ್ಲಿ ಕೊಲೆ ಆರೋಪಿಯಾದ ನಟ ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಸಾಗಿಸಿದಾಗ ವಾಹಿನಿಗಳ ವ್ಯಾನುಗಳು ಜೈಲಿನ ಮುಂದೆ ಬೀಡುಬಿಟ್ಟವು. ಏನು ತಿಂದರು, ಹೇಗೆ ಮಲಗಿದರು ಎಂಬುದು ದಿನದ ಸುದ್ದಿ. ಎರಡು ತಿಂಗಳಾದ ಮೇಲೆ, ನವೆಂಬರಿನಲ್ಲಿ, ಅದೇ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು, ಡಿಸೆಂಬರ್ ಆರಂಭದ ಹೊತ್ತಿಗೆ ಐವರು. ಅನುಮಾನ ರಕ್ತನಾಳಕ್ಕೆ ಕೊಟ್ಟ ದ್ರಾವಣದ ಮೇಲೆ ಬಂತು, ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು. ನವೆಂಬರಿನಲ್ಲೇ ಸಂಡೂರಿನಲ್ಲಿ ಉಪಚುನಾವಣೆ, ಇ. ಅನ್ನಪೂರ್ಣ ತುಕಾರಾಂ ಗೆದ್ದರು. ಬಾಣಂತಿಯರ ಸಾವು ಮುಖಪುಟಕ್ಕೆ ಬಂದದ್ದು ಮತ ಎಣಿಕೆಯ ಗದ್ದಲ ಇಳಿದ ಮೇಲೆ, ಅದೂ ಬಹುಮಟ್ಟಿಗೆ ಆರೋಗ್ಯ ಸಚಿವರು ರಾಜೀನಾಮೆ ಕೊಡಬೇಕೆ ಎಂಬ ಪ್ರಶ್ನೆಯಾಗಿ. ಯಾವ ಬ್ಯಾಚ್, ಯಾವ ಪ್ರಯೋಗಾಲಯ ಏನು ಹೇಳಿತ್ತು, ಒಮ್ಮೆ ತಡೆಹಿಡಿದ ಔಷಧ ಮತ್ತೆ ಹೇಗೆ ಆಸ್ಪತ್ರೆ ತಲುಪಿತು ಎಂಬ ದಾರಿಯನ್ನು ಹಿಡಿದು ಹೋದ ಕೆಲವೇ ವರದಿಗಾರರು ಇಲ್ಲಿ ಲೋಕಾಯುಕ್ತ ತಂಡದ ನಿಜವಾದ ಉತ್ತರಾಧಿಕಾರಿಗಳು.

ಮುಂದಿನ ಕೆಲಸ ಈಗಾಗಲೇ ಕಾದು ಕೂತಿದೆ. ಗಣಿ ಬಾಧಿತ ನಾಲ್ಕು ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಮಂಜೂರಾಗಿದೆ, ಸುಪ್ರೀಂ ಕೋರ್ಟ್ 2022ರಲ್ಲಿ ಅದರ ಮೇಲ್ವಿಚಾರಣೆಗೆ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಅದೇ ವರ್ಷ ಅದಿರು ತೆಗೆಯುವ ಮಿತಿಯೂ ಐದು ಕೋಟಿ ಟನ್ನಿಗೆ ಏರಿದೆ, ಲಾರಿಗಳು ಮತ್ತೆ ಹೆಚ್ಚುತ್ತಿವೆ. ರಸ್ತೆ, ಆಸ್ಪತ್ರೆ, ಕುಡಿಯುವ ನೀರು, ಶಾಲೆ ಎಂದು ಕಾಮಗಾರಿಗಳ ಪಟ್ಟಿ ಉದ್ದವಿದೆ. ಟೆಂಡರು, ಅಳತೆ ಪುಸ್ತಕ, ಬಿಲ್ಲು ಎಲ್ಲವೂ ಕಾಗದದ ಮೇಲೆ ಇರುತ್ತವೆ, ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಸಿಗಬೇಕಾದವು. ಸಂಡೂರು ತಾಲ್ಲೂಕಿನ ಸುಬ್ಬರಾಯನಹಳ್ಳಿಯ ನೀರಿನ ಟ್ಯಾಂಕು ಕಡತದಲ್ಲಿ ತುಂಬಿದೆಯೋ ಊರಲ್ಲಿ ತುಂಬಿದೆಯೋ ಎಂದು ಎರಡೂ ಕಡೆ ಹೋಗಿ ನೋಡಲು ಒಬ್ಬ ವರದಿಗಾರನಿಗೆ ಬೇಕಾದದ್ದು ಒಂದು ಬೈಕು, ಪೆಟ್ರೋಲಿನ ದುಡ್ಡು, ಜಾಹೀರಾತಿಗೆ ಅಲೆಯದೆ ಇರುವ ಒಂದು ತಿಂಗಳು. ಬಳ್ಳಾರಿ, ಹೊಸಪೇಟೆಯ ಯಾವ ಪತ್ರಿಕಾ ಕಚೇರಿ ಆ ಒಂದು ತಿಂಗಳನ್ನು ಕೊಡುತ್ತದೆ ಎಂದು ನೋಡಬೇಕು.